ನಾನು ಚೆಲ್ಲಿದ ಮೊದಲ ಮಳೆ

ಅಹಮದಾಬಾದಿನ ಅಂಚಿನ ಬೋಪಾಲ್‌ನ ನಮ್ಮ ಏಳನೇ ಮಹಡಿಯ ಬಾಲ್ಕನಿಯಲ್ಲಿ ಒಣಹಾಕಿದ ಬಿಳಿ ಪಂಚೆಯ ಮೇಲೆ ಈಗಷ್ಟೇ ಕಂದು ಹನಿಗಳು ಬಿದ್ದಿವೆ. ಮೊದಲ ಮಳೆ. ಅಹಮದಾಬಾದಿಗೆ ಅಹಮದಾಬಾದೇ ಭಜಿಯಾ, ಚಹಾ ಎಂದು ಸಂಭ್ರಮಿಸುವ ಹೊತ್ತು. ನನಗೆ ಮಾತ್ರ ಆ ಸಂಭ್ರಮವಿಲ್ಲ. ನಗಬೇಡಿ, ಕಾರಣ ಒಂದು ಬಕೆಟ್.

ಬಹಳ ವರ್ಷಗಳ ಹಿಂದಿನ ಮಾತು. ಆಗ ನಾನು ಉಡುಪಿ ಕಡೆಯಿಂದ ಹೊಸದಾಗಿ ಬಂದು ಮಾವನ ಹೋಟೆಲಿಗೆ ಸೇರಿದ್ದೆ. ವಾಸ ಕಾರ್ಖಾನೆ ಬದಿಯ ವಟ್ವಾ ಹತ್ತಿರ, ಅಕ್ಕನ ಮನೆಯಲ್ಲಿ. ಅಕ್ಕ ಪ್ರಯೋಗಾಲಯದಲ್ಲಿ ನೀರು ಪರೀಕ್ಷಿಸುವವಳು. ಮೊದಲ ಮಳೆ ಹಿಡಿದು ಪರೀಕ್ಷಿಸಲು ತಾರಸಿಯ ಮೇಲೊಂದು ಬಿಳಿ ಬಕೆಟ್ ಇಟ್ಟಿದ್ದಳು. ಕಾರ್ಖಾನೆಯ ಹೊಗೆ, ಹೊಲದ ಗೊಬ್ಬರದ ಧೂಳು ಎಲ್ಲ ಮೊದಲ ಮಳೆಯ ಜೊತೆ ಕೆಳಗಿಳಿಯುತ್ತದಂತೆ.

"ಮನೆ ಹಿಂದಿನ ಕೆರೆ ಸೊಂಟದಷ್ಟೂ ಆಳ ಇಲ್ಲ ಮಾರಾಯ. ಆಕಾಶದಿಂದ ಗೊಬ್ಬರ ಬಿದ್ರೆ ಪಾಚಿಗೆ ಹಬ್ಬ. ಆಮೇಲೆ ಜೋರು ಮಳೆ ಬಂದು ತಳದ ಕೆಸರು ಕದಡಿದ್ರೆ ಮೀನಿಗೆ ಉಸಿರಾಡ್ಲಿಕ್ಕೂ ಆಗುದಿಲ್ಲ," ಎನ್ನುತ್ತಿದ್ದಳು.

ಆ ಕೆರೆಯನ್ನು ಗುತ್ತಿಗೆಗೆ ಹಿಡಿದವರು ರಮಣಕಾಕಾ. ಮೀನುಮರಿ ಬಿಡುವ ಮೊದಲು ಅಕ್ಕನ ಒಪ್ಪಿಗೆ ಕೇಳುವುದು ಅವರ ರೂಢಿ.

ಅಕ್ಕ ಎರಡು ದಿನಕ್ಕೆ ವಡೋದರಕ್ಕೆ ಹೊರಟಳು. "ಮಳೆ ಬಂದ ಕೂಡ್ಲೆ ಬಕೆಟ್ ಮುಚ್ಚಿ ಒಳಗಿಡು. ಅಷ್ಟೆ."

"ಅಷ್ಟೂ ಗೊತ್ತಾಗುದಿಲ್ವಾ ನಂಗೆ?" ಎಂದೆ ನಾನು, ಮಹಾ ಬುದ್ಧಿವಂತ.

ಮಳೆ ಬಂತು. ಹೋಗಿ ನೋಡಿದರೆ ಬಕೆಟ್‌ನಲ್ಲಿ ಚಹಾದ ಬಣ್ಣದ ನೀರು. ನಮ್ಮ ಕಡೆ ಮೊದಲ ಮಳೆ ಹಂಚು ತೊಳೆಯಲಿಕ್ಕೆ. ನೀರಿಗೆ ಪಾತ್ರೆ ಇಡುವುದು ಆಮೇಲೆ. ಮೇಲಾಗಿ ಹೋಟೆಲಿನ ಕೈ, ಕೊಳೆ ಕಂಡರೆ ಸುಮ್ಮನಿರುತ್ತದೆಯೇ? ಚೆಲ್ಲಿ, ತಿಕ್ಕಿ ತೊಳೆದು ಮತ್ತೆ ಇಟ್ಟೆ. ಸಂಜೆಯ ಮಳೆಗೆ ತಿಳಿನೀರು ತುಂಬಿತು.

ಅಕ್ಕ ಬಂದವಳೇ ಕೇಳಿದಳು, "ಇದು ಮೊದಲ ಮಳೆಯದ್ದೇ ಅಲ್ವಾ?"

ನಾನು ಚೆಲ್ಲಿದ ಕೊಳೆನೀರೇ ಅವಳಿಗೆ ಬೇಕಿತ್ತೆಂದು ಆಗ ಹೊಳೆಯಿತು. "ಹೌದು," ಎಂದುಬಿಟ್ಟೆ.

ಈ ಸಲ ಆಕಾಶ ಚೊಕ್ಕ ಇದೆ, ಮರಿ ಬಿಡಬಹುದು ಎಂದು ಅವಳು ಕಾಕಾಗೆ ಹೇಳಿದಳು. ಹದಿನೈದು ದಿನದಲ್ಲಿ ಕೆರೆ ಹಸಿರಾಯಿತು. ನಾನು ದಿನವೂ ಇಣುಕಿ ನೋಡಿ ಬರುತ್ತಿದ್ದೆ, ಬಾಯಿ ಮಾತ್ರ ಬಿಡಲಿಲ್ಲ. ಆಮೇಲೆ ಮೂರು ದಿನ ಹುಚ್ಚುಮಳೆ. ನಾಲ್ಕನೇ ಬೆಳಿಗ್ಗೆ ರಮಣಕಾಕಾ ಮೊಣಕಾಲು ನೀರಿನಲ್ಲಿ ನಿಂತು ಸತ್ತ ಮರಿಗಳನ್ನು ಬುಟ್ಟಿಗೆ ಬಾಚುತ್ತಿದ್ದರು. "ಬೆನ್ ಏನು ಮಾಡ್ತಾರೆ ಬೇಟಾ, ನಿನ್ನ ಅಕ್ಕನ ತಪ್ಪಲ್ಲ," ಎಂದು ಹಿಂದಿಯಲ್ಲಿ ನನಗೇ ಸಮಾಧಾನ ಹೇಳಿದರು. ಅಕ್ಕ ಅಂದಿನಿಂದ ಯಾರಿಗೂ ಸಲಹೆ ಕೊಡುವುದನ್ನೇ ಬಿಟ್ಟಳು. "ನಂಗೆ ನೀರು ಓದ್ಲಿಕ್ಕೆ ಬರುದಿಲ್ಲ," ಎನ್ನುತ್ತಿದ್ದಳು.

ಆ ಒಂದು ಬಕೆಟ್‌ನಿಂದಲೇ ಹಾಗಾಯಿತೋ ಏನೋ, ನಾನರಿಯೆ. ಆದರೆ ಪ್ರತಿ ವರ್ಷ ಬಾಲ್ಕನಿಯ ಹೊರಗೆ ಬಕೆಟ್ ಇಡುತ್ತೇನೆ. ಯಾರಿಗಾಗಿ ಎಂದು ಹೆಂಡತಿ ಕೇಳುತ್ತಾಳೆ. ನಾನು ಮಾತು ಮರೆಸುತ್ತೇನೆ.

ಇವತ್ತು ಮರೆಸಲಿಲ್ಲ. ಅಕ್ಕ ಈಗ ಸೂರತ್‌ನಲ್ಲಿ ಮಗಳ ಮನೆಯಲ್ಲಿದ್ದಾಳೆ. ಫೋನ್ ಮಾಡಿದೆ.

"ಅಕ್ಕ, ಇಲ್ಲಿ ಇವತ್ತು ಮೊದಲ ಮಳೆ. ಮೀನುಮರಿ ಸತ್ತ ಆ ವರ್ಷದ್ದು ಮೊದಲ ಮಳೆ ನೀರಲ್ಲ. ಅದನ್ನು ನಾನು ಚೆಲ್ಲಿದ್ದೆ."

ಬೈಯಲಿ ಎಂದು ಕಾದೆ.

"ಕಾಕಾಗೆ ಹೇಳಿದ್ಯಾ?"

"ಇಲ್ಲ."

"ಇನ್ನೂ ಮೀನು ಸಾಕ್ತಾರೆ ಅವ್ರು. ಯಾರನ್ನೂ ಕೇಳುದಿಲ್ಲ ಈಗ. ನಾಳೆ ಹೋಗು. ಹೇಳು. ಇವತ್ತಿನ ನೀರು ಉಂಟಾ? ನಾನೇ ಓದಿ ಹೇಳ್ತೇನೆ."

ಬಾಲ್ಕನಿಗೆ ಬಂದೆ. ಬಕೆಟ್‌ನಲ್ಲಿ ಚಹಾದ ಬಣ್ಣದ ನೀರು.

"ಉಂಟು ಅಕ್ಕ," ಎಂದು, ಮುಚ್ಚಳ ಹಾಕಿದೆ.