ನಾನು ತೊಳೆದಿಟ್ಟ ಡಬ್ಬಿ

‘ನಾನು ಚೆಲ್ಲಿದೆ’ ಅಂತ ಹೇಳಬೇಕಾಗಿತ್ತು, ಹೇಳಲಿಲ್ಲ. ತಮ್ಮ ತನ್ನ ಹೆಂಡತಿಯನ್ನು ಕೇಳಿದಾಗ ನಾನು ಅವನಿಂದ ನಾಲ್ಕು ಮೊಳ ದೂರದಲ್ಲಿ ಒಳಕಲ್ಲಿನ ಮುಂದೆ ಕುಳಿತಿದ್ದೆ. ಕೇಳಿಸದಷ್ಟು ದೂರವೇನಲ್ಲ. ಆದರೂ ತಲೆ ತಗ್ಗಿಸಿ ಮೆಣಸಿನಕಾಯಿ ಕುಟ್ಟುತ್ತಲೇ ಇದ್ದೆ. ಬೈಗುಳ ಅವಳ ಪಾಲಾಯಿತು.

ತಮ್ಮ ಗೋವಾದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಏಳು ವರ್ಷ ದುಡಿದವನು. ಅಲ್ಲಿ ಥಾಯ್ ದೇಶದ ಅಡುಗೆಯವಳೊಬ್ಬಳ ಕೈಕೆಳಗೆ ಉಳ್ಳಾಗಡ್ಡಿ ಹೆಚ್ಚುತ್ತ ಹೆಚ್ಚುತ್ತ ಅವಳ ಅಡುಗೆಯನ್ನೆಲ್ಲ ಕಲಿತ. ಊರಿಗೆ ಮರಳಿದ ಮೇಲೆ ಬಾದಾಮಿಯಿಂದ ಚೊಳಚಗುಡ್ಡಕ್ಕೆ ಹೋಗುವ ದಾರಿಯಲ್ಲಿ ಮನೆ ಹಿಡಿದು, ಚಳಿಗಾಲದಲ್ಲಿ ಬಂಡೆ ಹತ್ತಲು ಬರುವವರಿಗೆ ಮನೆಯಲ್ಲೇ ಊಟ ಹಾಕತೊಡಗಿದ. ನಾನು ಇಳಕಲ್ಲಿನಲ್ಲಿ ಮಗ್ಗದ ಕೆಲಸದವಳು, ಐದನೆಯ ತರಗತಿಗೆ ಶಾಲೆ ಬಿಟ್ಟವಳು. ಗಂಡ ತೀರಿಹೋಗಿ, ಕಣ್ಣು ಮಂಜಾಗಿ, ಎಳೆ ಕಾಣದಂತಾದಾಗ ತಮ್ಮನೇ ಬಂದು ಕರೆದೊಯ್ದ. ಮಸಾಲೆ ಕುಟ್ಟಲು ನನಗೂ ಒಂದು ಕೈ ಬೇಕು ಎಂದ. ನನ್ನ ಮರ್ಯಾದೆ ಉಳಿಸಲು ಹಾಗೆ ಹೇಳಿದ್ದೆಂದು ನನಗೆ ಗೊತ್ತಿತ್ತು.

ಅವನ ಹೆಂಡತಿಯ ತವರು ಹುನಗುಂದ. ಅವರ ಮನೆಯೊಳಗೆ ಮೊಟ್ಟೆ ಕೂಡ ಬರುವುದಿಲ್ಲ. ನಮ್ಮದು ಕೋಳಿ ತಿನ್ನುವ ಮನೆ. ಅವನು ಗೋವಾ ಬಿಟ್ಟು ಬಂದ ಹೊಸತರಲ್ಲಿ, ಬಾಗಲಕೋಟೆಯಲ್ಲಿ ಇಬ್ಬರೂ ಕೆಲಸ ಮಾಡುವಾಗ ಮೆಚ್ಚಿ ಮದುವೆಯಾಗಿದ್ದರು. ಅವಳಿಗೆ ತೊಂದರೆಯಾಗಬಾರದೆಂದು ಕೋಳಿ ಬೇಯುವುದೆಲ್ಲ ಹಿತ್ತಲಿನಲ್ಲಿ, ಬೇರೆ ಒಲೆ, ಬೇರೆ ಪಾತ್ರೆ. ಅವಳು ಅದನ್ನು ತಿನ್ನುತ್ತಿರಲಿಲ್ಲ. ಆದರೆ ಬಂದವರ ಜೊತೆ ಇಂಗ್ಲಿಷಿನಲ್ಲಿ ಮಾತಾಡುವವಳು, ಯಾರಿಗೆ ಎಷ್ಟು ಖಾರ ಎಂದು ಕೇಳಿ ಬರೆದುಕೊಳ್ಳುವವಳು ಅವಳೇ.

ಆ ಅಡುಗೆಗೆ ಹೊಂದಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ನಾನು ಕೊತ್ತಂಬರಿಯ ಬೇರು ಕತ್ತರಿಸಿ ಒಗೆದರೆ ತಮ್ಮ ತಿಪ್ಪೆಯಿಂದ ಆರಿಸಿ ತರುತ್ತಿದ್ದ. ರುಚಿ ಇರುವುದು ಬೇರಿನಲ್ಲೇ ಅಂತೆ. ಹಸಿಮೆಣಸಿನಕಾಯಿ, ಮಜ್ಜಿಗೆಹುಲ್ಲು, ಬೆಳ್ಳುಳ್ಳಿ, ಆ ಬೇರು, ಎಲ್ಲವನ್ನೂ ನೀರು ಸೋಕಿಸದೆ ಕುಟ್ಟಬೇಕು. ಅದನ್ನು ತೆಂಗಿನಹಾಲಿನಲ್ಲಿ ಎಣ್ಣೆ ಬಿಡುವತನಕ ಕುದಿಸಿ ಕೋಳಿ ಹಾಕಬೇಕು. ಮೇಲೆ ಹೆರಳೆ ಗಿಡದ ಎಲೆ, ಕಾಮಕಸ್ತೂರಿ, ಕೊನೆಗೆ ಚೂರು ಬೆಲ್ಲ. ಕೋಳಿ ಸಾರಿಗೆ ಬೆಲ್ಲ ಹಾಕುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ರೊಟ್ಟಿ ಅದ್ದಿಕೊಂಡು ತಿಂದೆ, ಸೇರಿತು. ಆದರೆ ತಮ್ಮನಿಗೆ ಸಮಾಧಾನ ಇರಲಿಲ್ಲ. ಒಂದು ಸಾಮಾನು ಕಡಿಮೆ ಐತಿ ಅಕ್ಕ, ಅದು ಬಂದ ಮೇಲೆ ನೋಡು ಎನ್ನುತ್ತಿದ್ದ. ಏನದು ಎಂದು ನಾನು ಕೇಳಲಿಲ್ಲ.

ಅದು ಬಂದ ದಿನ ನಾನು ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಗೋವಾದ ಗೆಳೆಯ ಬಸ್ಸಿನಲ್ಲಿ ಕಳಿಸಿದ್ದನ್ನು ತಮ್ಮನ ಹೆಂಡತಿಯೇ ಹೋಗಿ ತಂದು, ಸ್ಟೀಲ್ ಡಬ್ಬಿಗೆ ತುಂಬಿ, ಹಿತ್ತಲ ಗೋಡೆಯ ಮಾಡದಲ್ಲಿ ಇಟ್ಟಿದ್ದಳು. ಸತ್ತದ್ದನ್ನು ಯಾಕೆ ತರಿಸಿದಿರಿ ಎಂದು ಸೆರಗು ಮೂಗಿಗೆ ಹಿಡಿದು ಗಂಡನಿಗೆ ಚೇಷ್ಟೆಯನ್ನೂ ಮಾಡಿದ್ದಳಂತೆ. ಆ ಸಂಜೆ ಎಂಟು ಜನರ ಊಟವಿತ್ತು. ತಮ್ಮ ತೆಂಗಿನಹಾಲು ತರಲು ಬಾಗಲಕೋಟೆಗೆ ಹೋದ. ನಾನು ಗಿರಣಿಯಿಂದ ಬಂದು ಆ ಮಾಡ ಒರೆಸಲು ನಿಂತೆ.

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಕೆಟ್ಟ ನಾತ ಮೂಗಿಗೆ ಬಡಿಯಿತು. ಒಳಗೆ ಕಂದು ಬಣ್ಣದ ಮುದ್ದೆ. ಯಾವುದೋ ಮಸಾಲೆ ಕೊಳೆತು ಹೋಗಿದೆ, ಊಟಕ್ಕೆ ಬಂದವರ ಹೊಟ್ಟೆಗೆ ಇದು ಹೋದರೆ ತಮ್ಮನ ಹೆಸರು ಹಾಳು ಎಂದುಕೊಂಡೆ. ನುಗ್ಗೆ ಗಿಡದ ಬುಡದಲ್ಲಿ ಕುಣಿ ತೋಡಿ ಅಷ್ಟನ್ನೂ ಹೂತೆ. ಡಬ್ಬಿಯನ್ನು ಬೂದಿ ಹಚ್ಚಿ ಮೂರು ಸಲ ತೊಳೆದು ಬೋರಲು ಹಾಕಿದೆ. ದೊಡ್ಡ ಕೆಲಸ ಮಾಡಿದೆ ಅನ್ನಿಸಿತ್ತು.

ಅದು ಸೀಗಡಿಯನ್ನು ಉಪ್ಪು ಹಾಕಿ ಕೊಳೆಸಿಯೇ ಮಾಡುವ ಮಸಾಲೆ, ನಾತವೇ ಅದರ ಗುಣ, ಎಂಟು ದಿನ ಕಾದು ತರಿಸಿದ್ದು ಎಂಬುದು ತಮ್ಮ ಕೂಗಾಡುವಾಗ ತಿಳಿಯಿತು. ಅವನು ನನ್ನನ್ನು ಕೇಳಲೇ ಇಲ್ಲ. ಸೀದಾ ಹೆಂಡತಿಯ ಹತ್ತಿರ ಹೋದ. ತಂದಿಟ್ಟ ಮೇಲೆ ಮುಟ್ಟಿಲ್ಲ ಎಂದಳು ಅವಳು.

“ಮುಂಜಾನೆ ಮೂಗು ಮುಚ್ಚಿಕೊಂಡಾಕಿ ನೀನಽ ಅಲ್ಲೇನು? ಎರಡು ವರ್ಷ ಆತು, ಇನ್ನೂ ನಿಮ್ಮ ಮನಿ ಬುದ್ಧಿ ಬಿಟ್ಟಿಲ್ಲ ನೀ.”

ಅವಳು ಒಳಗೆ ಹೋದಳು. ಸಂಜೆ ಎಂಟು ಜನರೂ ತಟ್ಟೆ ಬಳಿದು ಉಂಡು, ಅವನನ್ನು ಹೊಗಳಿ ಹೋದರು. ಆ ಮುದ್ದೆ ಇಲ್ಲದ್ದು ಅವರಾರಿಗೂ ಗೊತ್ತಾಗಲಿಲ್ಲ. ಗಂಡ ಹೆಂಡತಿ ಮಾತ್ರ ಮಾತು ಬಿಟ್ಟರು.

ಯಾಕೆ ಸುಮ್ಮನಿದ್ದೆ? ಹಂಗಿನ ಅನ್ನ ತಿನ್ನುವವಳಿಗೆ ಹೆದರಿಕೆ ಇರುತ್ತದೆ, ಅದೊಂದು. ಇನ್ನೊಂದನ್ನು ಬರೆಯಲು ನಾಚಿಕೆ. ಅವಳು ಡಿಗ್ರಿ ಓದಿದವಳು. ಬಂದವರೆಲ್ಲ ಅವಳ ಹತ್ತಿರವೇ ನಗುನಗುತ್ತ ಮಾತಾಡುವಾಗ ನಾನು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತ ಕೂರುತ್ತಿದ್ದೆ. ಅವಳಿಗೆ ಬೈಗುಳ ಬಿದ್ದಾಗ ಒಂದು ಗಳಿಗೆ ನನಗೆ ಹಿತವೆನಿಸಿತು. ಒಂದೇ ಗಳಿಗೆ. ಅಷ್ಟರಲ್ಲಿ ಹೇಳುವ ಹೊತ್ತು ಮೀರಿತ್ತು.

ಮರುದಿನ ಬೆಳಿಗ್ಗೆ ಅವಳು ಚೀಲ ಹಿಡಿದು ಹಿತ್ತಲಿಗೆ ಬಂದಳು. ಹುನಗುಂದಕ್ಕೆ ಹೋಗಿ ಬರುತ್ತೇನೆ ಅಕ್ಕಾರ ಎಂದಳು. ಬೋರಲು ಹಾಕಿದ ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು, ಹೊರಟಳು. ತೊಳೆಯುವಾಗ ನೋಡಿದ್ದಳೇ? ಅಥವಾ ಆಗ ತಿಳಿದುಕೊಂಡಳೇ? ಹನ್ನೊಂದು ದಿನ ಇದೊಂದೇ ನನ್ನ ತಲೆ ತಿಂದಿತು.

ತಮ್ಮನ ಫೋನು ರಿಂಗಾದರೆ ನಾನು ಕುಟ್ಟುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದೆ, ಆಕೆ ಹೇಳಿಬಿಟ್ಟಳೇನೋ ಎಂದು. ಬೆಳಿಗ್ಗೆ ಎದ್ದು, ಇವತ್ತು ಚಹಾ ಕೊಡುವಾಗ ಹೇಳುತ್ತೇನೆ ಎಂದುಕೊಳ್ಳುವುದು. ಚಹಾ ಕೊಟ್ಟು ಹಿತ್ತಲಿಗೆ ಬರುವುದು. ಶುಂಠಿ ಹಾಕಿ ಹುರಿದ ಕೋಳಿಗೆ ಎರಡು ಸಲ ಉಪ್ಪು ಹಾಕಿದೆ. ತಮ್ಮ ಅನ್ನ ಹೊತ್ತಿಸಿದ. ಬಂದವರು ಅವಳೆಲ್ಲಿ ಎಂದು ಕೇಳಿದ್ದಷ್ಟು ನನಗೂ ತಿಳಿಯಿತು; ಹೇಳಲು ಇಬ್ಬರಿಗೂ ಇಂಗ್ಲಿಷ್ ಸಾಲದೆ ಕೈ ಅಲ್ಲಾಡಿಸಿದೆವು.

ಹತ್ತನೆಯ ದಿನ ಹುನಗುಂದದಿಂದ ಫೋನು ಬಂತು. ಬರುವ ಭಾನುವಾರ ಹಿರಿಯರನ್ನು ಕೂಡಿಸಿ ಮದುವೆಯ ಬಿಡುಗಡೆಯ ಮಾತಾಡುತ್ತೇವೆ ಎಂದು ಅವಳ ಕಾಕಾ ಹೇಳಿದರಂತೆ. ತಮ್ಮ ಗೋಡೆಗೆ ಆತು ನಿಂತುಬಿಟ್ಟ. ಮರುದಿನ ಅಂಗಿ ಇಸ್ತ್ರಿ ಮಾಡಿಸಿ, ಭಾನುವಾರದ ಮೊದಲೇ ಹೋಗಿ ಅವಳನ್ನು ಕರೆತರೋಣ, ಅಕ್ಕ ನೀನೂ ಬಾ, ನಿನ್ನ ಮಾತಿಗೆ ಬೆಲೆ ಕೊಡುತ್ತಾರೆ ಎಂದ. ಬಸ್ಸಿನಲ್ಲಿ ಹೇಳಬಹುದಿತ್ತು. ಅಮೀನಗಡ ಬರುವತನಕ ನಾಲ್ಕು ಸಲ ಬಾಯಿ ತೆರೆದೆ. ಅವನು ಕಿಟಕಿಯ ಕಡೆ ತಿರುಗಿ ಕೂತಿದ್ದ. ನಾಲ್ಕು ಸಲವೂ ಮುಚ್ಚಿಕೊಂಡೆ.

ಅವಳ ತಾಯಿ ಬಾಗಿಲಲ್ಲೇ ಅಂದರು, “ಆರು ತಿಂಗಳು ತಾಳಂಗಿಲ್ಲ ಅಂದಿದ್ನಿ. ಎರಡು ವರ್ಷ ತಾಳಿದಳು. ನಮ್ಮ ಮಗಳು ಗಟ್ಟಿ ಬಿಡ್ರಿ.” ಆದರೂ ಒಳಗೆ ಕರೆದು ನೀರು ಕೊಟ್ಟರು. ಅವಳು ಬಂದು ಕಂಬದ ಹತ್ತಿರ ನಿಂತಳು. ಸೊರಗಿದ್ದಳು. ತಮ್ಮ ಎದ್ದು ನಿಂತು, ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದನ್ನು ಹೇಳಿದ.

“ಆಗಿದ್ದು ಆಗಿಹೋತು. ಚೆಲ್ಲಿದ್ರ ಚೆಲ್ಲಿದಿ, ನಾ ಏನೂ ಮನಸ್ಸಿನ್ಯಾಗ ಇಟ್ಕೊಂಡಿಲ್ಲ. ನಡಿ ಮನಿಗೆ.”

“ಮಾಡಲಾರದ ತಪ್ಪಿಗೆ ಮಾಫಿ ನಾ ಯಾಕ ತಗೊಳ್ಳಿರಿ?” ಎಂದಳು. ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ ಎಂದು ಅವಳ ಕತ್ತು ಹೇಳುತ್ತಿತ್ತು. ಈ ಹನ್ನೊಂದು ದಿನ ಅವಳು ಯಾರಿಗೂ ಹೇಳದೆ ನನ್ನನ್ನು ಕಾಯ್ದಿದ್ದಳು, ಆಗಲೂ ಕಾಯುತ್ತಿದ್ದಳು.

ತಮ್ಮನ ಮುಖ ಕೆಂಪಾಯಿತು. ಅವನು ಇನ್ನೊಂದು ಮಾತು ಆಡಿದರೆ ಆ ಮನೆಯ ಬಾಗಿಲು ಮುಚ್ಚಿಹೋಗುತ್ತಿತ್ತು. ನಾನು ಚಾಪೆಯಿಂದ ಎದ್ದೆ. ಅವಳ ಎರಡೂ ಕೈ ಹಿಡಿದುಕೊಂಡೆ.

“ಅದನ್ನ ಮಣ್ಣಾಗ ಹುಗದಾಕಿ ನಾನು. ಕೊಳತೈತಿ ಅಂತ ಹುಗದ್ನಿ, ಅದು ತಿಳೀದ ಮಾಡಿದ್ದು. ಆದ್ರ ಅವ ನಿನಗ ಬೈಯೂ ಮುಂದ ಬಾಯಿ ಮುಚ್ಕೊಂಡು ಕುಂತಿದ್ನೆಲ್ಲ, ಅದು ತಿಳದು ಮಾಡಿದ್ದು. ತಪ್ಪು ನಂದು ಯವ್ವಾ. ನನ್ನ ಮಾಫ್ ಮಾಡು.”