ತಿರುಗಿ ಬಂದ ಶಾಲು

ಎಪ್ಪತ್ತರ ದಶಕದಲ್ಲಿ ಸತ್ಯನಾರಾಯಣಪೇಟೆಯ ನಮ್ಮ ಓಣಿಯವರು ಚಳಿಗಾಲ ಬಂತೆಂದರೆ ಪೆಂಡಾಲು ಹಾಕಿ ರಾಜ್ಯೋತ್ಸವ ಮಾಡುತ್ತಿದ್ದರು. ಒಂದು ವರ್ಷ, ಬಯಲಾಟಕ್ಕೆ ಹಾರ್ಮೋನಿಯಂ ನುಡಿಸುತ್ತಿದ್ದ ನನ್ನ ಅಪ್ಪನಿಗೆ ಶಾಲು ಹೊದಿಸಿ ಸನ್ಮಾನಿಸಿದರು. ಅಪ್ಪ ವೇದಿಕೆ ಇಳಿದ ಕೂಡಲೇ ಸಂಘದ ಕಾರ್ಯದರ್ಶಿ ಹಿಂದೆಯೇ ಬಂದು ಕೈಚಾಚಿದರು.

“ಮಾಸ್ತರ, ಶಾಲು ಇತ್ತ ಕೊಡ್ರಿ. ಇನ್ನೊಬ್ಬರಿಗಿ ಹೊದಿಸೋದೈತಿ.”

ಇದ್ದದ್ದು ಒಂದೇ ಶಾಲು. ಅಪ್ಪ ಕೊಟ್ಟರು. ಆ ಚಳಿಯಲ್ಲಿ ಬರೀ ಅಂಗಿಯಲ್ಲೇ ನನ್ನ ಜೊತೆ ಮನೆಗೆ ನಡೆದರು. ಮತ್ತೆ ಆ ಮಾತು ಎತ್ತಲಿಲ್ಲ, ಮರೆತರೆಂದೇ ತಿಳಿದಿದ್ದೆ.

ಮರುವರ್ಷ ಆ ಕಾರ್ಯದರ್ಶಿಗೇ ಸನ್ಮಾನ. ಹಿರಿಯ ಕಲಾವಿದರೆಂದು ಶಾಲು ಹೊದಿಸಲು ಅಪ್ಪನನ್ನು ಕರೆದರು. ಅಪ್ಪ ಹೊದಿಸಿದರು, ಫೋಟೊ ತೆಗೆಯುವವರೆಗೆ ನಿಂತರು. ಚಪ್ಪಾಳೆ ಮುಗಿದ ಮೇಲೆ ಮೈಕಿಗೆ ಬಾಗಿದರು.

“ಸಾಹೇಬ್ರ, ಶಾಲು ಇತ್ತ ಕೊಡ್ರಿ. ಇನ್ನೊಬ್ಬರಿಗಿ ಹೊದಿಸೋದೈತಿ.”

ಕಾರ್ಯದರ್ಶಿ ನಕ್ಕರು. ಅಪ್ಪನ ಕೈ ಚಾಚಿಯೇ ಇತ್ತು.

“ಯಾರಿಗ್ರಿ?”

“ಹೋದ ವರ್ಷ ಚಳ್ಯಾಗ ನಡಕೋತ ಹೋದವನಿಗಿ.”

ಕಾರ್ಯದರ್ಶಿ ಶಾಲು ತೆಗೆದುಕೊಟ್ಟರು. ಅಪ್ಪ ಅದನ್ನು ಹೊದ್ದು ಬಂದು ಮೊದಲ ಸಾಲಿನಲ್ಲಿ, ನನ್ನ ಪಕ್ಕ ಕುಳಿತರು. ಆಮೇಲಿನವರಿಗೆ ಬರೀ ಹಾರ ಹಾಕಿದರು. ಮನೆಗೆ ಹೋಗೋಣವೆಂದು ನಾನು ಎರಡು ಸಲ ಕೇಳಿದೆ. ಕಾರ್ಯದರ್ಶಿ ವೇದಿಕೆಯ ಮೇಲಿರುವವರೆಗೂ ಅಪ್ಪ ಏಳಲಿಲ್ಲ.