ಭಾವನ ನಿಂಬೆಸಸಿಗಳು

ಬಂದರಿನ ಸಸ್ಯ ತಪಾಸಣಾ ಕಚೇರಿಯಲ್ಲಿ ಅವಳಿಗೆ ‘ಭೂತಗನ್ನಡಿ’ ಎಂದೇ ಅಡ್ಡಹೆಸರು. ಹೊರದೇಶದ ಎಲೆ, ಬೇರು, ಬೀಜಗಳನ್ನು ಹತ್ತೊಂಬತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿದವಳು. ನಗುನಗುತ್ತ ಬಂದವರ ಮೇಲೆಯೇ ಅವಳಿಗೆ ಮೊದಲ ಅನುಮಾನ.

ಅಂದು ಹಾಗೆ ಬಂದವನು ಸ್ವಂತ ಅಕ್ಕನ ಗಂಡ. ಸಸಿ ಮಾರುವುದು ಅವನ ಕಸುಬು. ಅವನು ತರಿಸಿದ ನಾನೂರು ನಿಂಬೆಸಸಿ ಹಡಗಿನಲ್ಲಿ ಬಂದಿದ್ದವು. ಸಂಬಂಧಿಕರ ಸರಕು, ಬೇರೆಯವರಿಗೆ ವಹಿಸಿ ಎಂದು ಅವಳು ಮೇಲಧಿಕಾರಿಯನ್ನು ಕೇಳಿದಳು. “ನಿಮಗಿಂತ ಬಿಗಿ ಯಾರಿದ್ದಾರೆ, ನೀವೇ ನೋಡಿ” ಎಂದುಬಿಟ್ಟರು.

ರೋಗವಿಲ್ಲವೆಂಬ ಪ್ರಮಾಣಪತ್ರ, ಮೊಹರು, ಸಹಿ, ಯಾವುದರಲ್ಲೂ ಎಳ್ಳಷ್ಟು ತಪ್ಪಿರಲಿಲ್ಲ. ಅದೇ ಅವಳ ಮನಸ್ಸಿಗೆ ಒಗ್ಗಲಿಲ್ಲ. ಪೆಟ್ಟಿಗೆಗಳನ್ನು ಮೂಸಿದಳು. ವಾರಗಟ್ಟಲೆ ಸಮುದ್ರದಲ್ಲಿದ್ದ ಪೆಟ್ಟಿಗೆಯ ಮರಕ್ಕೆ ಹಸಿ ಅಂಟಿನ ವಾಸನೆ! ಮೇಲೆ ಅಂಟಿಸಿದ್ದ, ದೇಶದ ಹೆಸರಿನ ಚೀಟಿಯನ್ನು ಉಗುರಿನಿಂದ ಎಬ್ಬಿಸಿದರೆ ಅಡಿಯಲ್ಲಿ ಇನ್ನೊಂದು. ಮರಗಳನ್ನೇ ಹಳದಿಗಟ್ಟಿಸಿ ಕೊಲ್ಲುವ ರೋಗವಿದೆಯೆಂದು, ನಿಂಬೆಜಾತಿಯ ಆಮದನ್ನೇ ಕಾನೂನು ತಡೆದಿದ್ದ ದೇಶದ ಚೀಟಿ.

“ಇದನ್ನ ಯಾರು ಅಂಟಿಸಿದ್ದು ಭಾವ?”

“ಕಳಿಸಿದವರು ಹಳೇ ಪೆಟ್ಟಿಗೆ ಬಳಸಿರ್ತಾರೆ, ನನಗೇನು ಗೊತ್ತು?” ನಗು ಹಾಗೇ ಇತ್ತು, ಕೈಗಳು ಮಾತ್ರ ಜೇಬು ಸೇರಿದವು.

ಅವಳು ಸಸಿಗಳನ್ನು ಕೀಟ ನುಸುಳದ ಬಲೆಮನೆಯಲ್ಲಿಟ್ಟು ಬೀಗ ಜಡಿದು, ನಲವತ್ತು ಎಲೆಗಳನ್ನು ಪ್ರಯೋಗಾಲಯಕ್ಕೆ ಕಳಿಸಿದಳು. ಸಂಜೆ ಅಕ್ಕನ ಫೋನು.

“ನಿನ್ನ ಅನುಮಾನಕ್ಕೆ ಮನೆಯವರೇ ಬೇಕಾಗಿತ್ತಾ? ಅವರು ಮೂರು ದಿನದಿಂದ ನೆಟ್ಟಗೆ ಊಟ ಮಾಡಿಲ್ಲ.”

“ಮೂರು ದಿನದಿಂದಾನಾ? ನಾನು ಸರಕು ತಡೆದಿದ್ದು ಇವತ್ತು ಬೆಳಿಗ್ಗೆ ಅಕ್ಕಾ.”

ಅಕ್ಕ ಫೋನಿಟ್ಟಳು. ಹಡಗು ದಡ ಮುಟ್ಟಿದ್ದು ಸರಿಯಾಗಿ ಮೂರು ದಿನದ ಹಿಂದೆ. ಅಕ್ಕನಿಗೂ ಗೊತ್ತಿತ್ತೇ? 

ಒಂಬತ್ತನೆಯ ದಿನ ವರದಿ ಬಂತು: ಹದಿನಾರು ಎಲೆಗಳಲ್ಲಿ ರೋಗ. ಕಾನೂನಿನಂತೆ ನಾನೂರನ್ನೂ ಸುಡಿಸಿದಳು. ಭಾವ ಬೇಲಿಯಾಚೆ ನಿಂತು ನೋಡಿದ. ಮೂರನೆಯ ವಿಚಾರಣೆಯಲ್ಲಿ ಒಪ್ಪಿಕೊಂಡ: ಕಳಿಸಿದವರು ಬೇರೆ ದೇಶದ ಹೆಸರಲ್ಲಿ ಮಾಡಿದ ಸುಳ್ಳು ಪ್ರಮಾಣಪತ್ರಕ್ಕೆ ಹೊಂದಲೆಂದು, ಹಡಗು ಬಂದ ದಿನವೇ ಹೊಸ ಚೀಟಿ ಅಂಟಿಸಿದ್ದು ತಾನೇ. ಅವನ ಪರವಾನಗಿ ಹೋಯಿತು.

ಏಳು ತಿಂಗಳು ಅಕ್ಕ ಇತ್ತ ಸುಳಿಯಲಿಲ್ಲ. ಒಂದು ಮಧ್ಯಾಹ್ನ ಹೇಳದೆ ಕೇಳದೆ ಕಚೇರಿಗೆ ಬಂದು ಎದುರು ಕೂತಳು.

“ನನ್ನ ಮೇಲೂ ಅನುಮಾನ ಪಟ್ಟಿದ್ಯಾ?”

ಸುಳ್ಳು ಹೇಳಬಹುದಿತ್ತು. “ಪಟ್ಟಿದ್ದೆ” ಎಂದಳು ತಂಗಿ.

ಅಕ್ಕ ಎದ್ದುಹೋಗಲಿಲ್ಲ. ಸೆರಗಿನಿಂದ ಕುತ್ತಿಗೆಯ ಬೆವರೊರೆಸಿಕೊಂಡು, “ಕುಡಿಯೋಕೆ ನೀರು ಕೊಡು” ಎಂದಳು.